ಪಾಲಾದ ನವಿಲು

ಗುಮಟಾಪುರದ ಚಿಕ್ಕಬಸಪ್ಪನೂ ಅವನ ತಮ್ಮ ಗುರುಮಲ್ಲಪ್ಪನೂ ಬೇರೆಯಾದಾಗ ಪಾಲು ಮಾಡಿಕೊಡಲು ಕೂತವರು ಸಿದ್ದಮಲ್ಲಪ್ಪನವರು. ಅಷ್ಟು ನ್ಯಾಯವಂತ ಮನುಷ್ಯ ತಾಳವಾಡಿ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂದು ಹೆಸರು. ಆ ನ್ಯಾಯವೇ ಆವತ್ತು ಮನೆ ಕೆಡಿಸಿತು ಅನ್ನಿ. ಹೊಲ ಎರಡು ಭಾಗವಾಯಿತು, ದನ ಎರಡು ಭಾಗವಾಯಿತು, ಹುಣಸೆಮರದ ಕೊಂಬೆಗಳೂ ಭಾಗವಾದವು. ಸೌಟು, ಒನಕೆ, ಬೀಸುವ ಕಲ್ಲು ಎಲ್ಲ ಮುಗಿದ ಮೇಲೆ ಅಟ್ಟದಿಂದ ಒಂದು ಮಂಕರಿ ಇಳಿಯಿತು. ಅದರಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಮಣೆಗಳಿದ್ದವು. ಸಿದ್ದಮಲ್ಲಪ್ಪನವರು ಇಣುಕಿ ನೋಡಿ, ಇವೇನು ಹಲಗೆಚೂರುಗಳೋ ಎಂದುಕೊಂಡು, ಅಣ್ಣನಿಗೊಂದು ತಮ್ಮನಿಗೊಂದು ಎಂದು ಎತ್ತಿ ಎತ್ತಿ ಇಟ್ಟರು.

ಸಕ್ಕರೆ ಅಚ್ಚನ್ನು ತಿಂದು ಗೊತ್ತಿರುವ ಗಂಡಸರಿಗೆ ಅದರ ಮಣೆ ಹೇಗಿರುತ್ತದೆಂದು ಗೊತ್ತಿರಬೇಕಾಗಿಲ್ಲವಲ್ಲ. ಒಂದು ನವಿಲಿಗೆ ಎರಡು ಮಣೆ. ಎಡಮೈ ಒಂದರಲ್ಲಿ, ಬಲಮೈ ಇನ್ನೊಂದರಲ್ಲಿ ಕೊರೆದಿರುತ್ತದೆ. ಎರಡನ್ನೂ ಮುಖಕ್ಕೆ ಮುಖ ಕೂಡಿಸಿ, ದಾರ ಬಿಗಿದು, ಬುಡದ ತೂತಿನಿಂದ ಪಾಕ ಹುಯ್ಯಬೇಕು. ಆವತ್ತಿನ ಪಾಲಿನಲ್ಲಿ ನವಿಲಿನ ಎಡಮೈ ಅಣ್ಣನ ಮನೆಗೂ ಬಲಮೈ ತಮ್ಮನ ಮನೆಗೂ ಹೋಯಿತು. ಬಸವನಿಗೂ ತುಳಸಿಕಟ್ಟೆಗೂ ಅದೇ ಗತಿಯಾಯಿತು.

ಬಾಗಿಲ ಹಿಂದೆ ನಿಂತಿದ್ದ ಇಬ್ಬರು ಓರಗಿತ್ತಿಯರೂ ಇದನ್ನು ಕಣ್ಣಾರೆ ಕಂಡರು. ಚಿಕ್ಕಬಸಪ್ಪನ ಹೆಂಡತಿ ಚನ್ನಬಸಮ್ಮ, ತಾನು ಬಾಯಿ ಬಿಟ್ಟರೆ ಮಣೆಗಳೆಲ್ಲ ಓರಗಿತ್ತಿಯ ಪಾಲಾಗಬಹುದೆಂದು ಸುಮ್ಮನಾದಳು. ಗುರುಮಲ್ಲಪ್ಪನ ಹೆಂಡತಿ ಮಂಗಳಮ್ಮನೂ ತುಟಿ ಬಿಚ್ಚಲಿಲ್ಲ. ಅವಳೂ ತನ್ನ ಹಾಗೆಯೇ ಹೊಟ್ಟೆಕಿಚ್ಚಿಗೆ ಸುಮ್ಮನಿದ್ದಾಳೆ ಎಂದು ಚನ್ನಬಸಮ್ಮ ತಿಳಿದುಕೊಂಡಳು.

ಅವು ಅತ್ತೆ ಶಿವಮಲ್ಲಮ್ಮ ತನ್ನ ತವರಿನಿಂದ ತಂದ ಮಣೆಗಳು. ಅತ್ತೆ ಇದ್ದಾಗ ಸೊಸೆಯರಿಬ್ಬರನ್ನೂ ಒಲೆಯ ಮುಂದೆ ಕೂರಿಸಿ ಕೆಲಸ ಹಂಚುತ್ತಿದ್ದಳು. ಮಂಗಳಮ್ಮನ ಮೂಗು ಚುರುಕು, ವಾಸನೆಯಲ್ಲೇ ಪಾಕದ ಹದ ಹಿಡಿಯುತ್ತಾಳೆ, ಹಾಗಾಗಿ ಒಲೆ ಅವಳದು. ಚನ್ನಬಸಮ್ಮನ ಕೈ ಹಗುರ, ನವಿಲಿನ ಕೊಕ್ಕು ಮುರಿಯದ ಹಾಗೆ ಮಣೆ ಬಿಚ್ಚುತ್ತಾಳೆ, ಹಾಗಾಗಿ ಮಣೆ ಅವಳದು. ರೇಷನ್ ಅಂಗಡಿಯ ಕಂದು ಸಕ್ಕರೆಯನ್ನು ದೀಪಾವಳಿಯಿಂದಲೇ ಉಳಿಸಿಟ್ಟು, ಹಾಲು ಹುಯ್ದು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ ಇಬ್ಬರೂ ಹುಯ್ದ ನವಿಲುಗಳು ಮಲ್ಲಿಗೆಯಷ್ಟು ಬೆಳ್ಳಗಿರುತ್ತಿದ್ದವು.

ಪಾಲಾದ ಮೇಲೆ ಅದೇ ಅಡುಗೆಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಆಳೆತ್ತರಕ್ಕೆ ಎದ್ದು ನಿಂತ ಗೋಡೆಯನ್ನು ಹೆಂಚಿನವರೆಗೆ ಮುಟ್ಟಿಸುವ ಉತ್ಸಾಹ ಅಣ್ಣತಮ್ಮಂದಿರಿಗೆ ಉಳಿದಿರಲಿಲ್ಲ. ಆ ಕಡೆಯ ಒಗ್ಗರಣೆಯ ಘಾಟಿಗೆ ಈ ಕಡೆಯವರು ಸೀನುತ್ತಿದ್ದರು. ಸೀನಿದವರು ಯಾರೆಂದು ಆ ಕಡೆ ಗೊತ್ತಾಗುತ್ತಿತ್ತು, ಮಾತು ಮಾತ್ರ ಇರಲಿಲ್ಲ.

ಜಗಳ ಶುರುವಾದದ್ದು ಗಂಡಸರಿಂದ, ಬಾವಿನೀರಿನ ಸರದಿಗೆ. ಅವರದು ಅದೇ ವರ್ಷದ ಗೊರೆಹಬ್ಬದಲ್ಲಿ ಮುಗಿದೂ ಹೋಯಿತು. ಬೀರೇಶ್ವರನ ಗುಡಿಯ ಹಿಂದೆ ರಾಶಿ ಹಾಕಿದ ಸಗಣಿಯಲ್ಲಿ ಒಬ್ಬರ ಮುಖಕ್ಕೊಬ್ಬರು ಬಳಿದು, ಕೆರೆಯಲ್ಲಿ ಮಿಂದು, ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡು ಮನೆಗೆ ಬಂದರು. ಗಂಡಸರ ಸಿಟ್ಟಿಗೆ ಊರು ಒಂದು ಹಬ್ಬವನ್ನೇ ಇಟ್ಟಿದೆ. ಗಂಡನ ಪರ ವಹಿಸಿ ಮುಖ ತಿರುಗಿಸಿಕೊಂಡ ಹೆಂಗಸರಿಗೆ ಅಂಥ ಹಬ್ಬ ಯಾರೂ ಮಾಡಿಡಲಿಲ್ಲ. ಮೂರು ಸಂಕ್ರಾಂತಿ ಬಂದು ಹೋದವು.

ಆಮೇಲೆ ಚನ್ನಬಸಮ್ಮನ ಮಗಳು ಶಾಂತಮಲ್ಲಮ್ಮನ ಮದುವೆ ಜೀರಹಳ್ಳಿಯ ಹುಡುಗನ ಜೊತೆ ಆಯಿತು. ಚಿಕ್ಕವ್ವನ ಸೊಂಟದ ಮೇಲೆ ಬೆಳೆದ ಹುಡುಗಿ ಅದು. ಮಂಗಳಮ್ಮ ಬಂದು ಅಕ್ಷತೆ ಹಾಕಿ, ಹುಡುಗಿಯ ಕೆನ್ನೆ ಸವರಿ, ಊಟಕ್ಕೆ ಕೂರದೆ ಹೊರಟು ಹೋದಳು. ಅದರ ಉರಿಯಲ್ಲಿದ್ದ ಚನ್ನಬಸಮ್ಮ ಬೀಗಿತ್ತಿಯ ಮುಂದೆ ಬೇಕಾಗಿಲ್ಲದ್ದೊಂದು ಹೇಳಿಬಿಟ್ಟಳು. "ಸಂಕ್ರಾಂತಿ ತಟ್ಟೆಗೆ ನಮ್ಮನೆ ನವಿಲು ಕಳುಸ್ತೀನಿ ನೋಡ್ರವ್ವ. ಅಂತಾ ಅಚ್ಚ ಈ ಸೀಮೇಲಿ ಯಾರೂ ಉಯ್ಯಕ್ಕಿಲ್ಲ."

ಬೀಗಿತ್ತಿ ಅದನ್ನು ಮರೆಯುವ ಹೆಂಗಸಲ್ಲ. ಮಾರ್ಗಶಿರದಲ್ಲಿ ಬಂದ ಅಳಿಯ ಕಾಫಿ ಕುಡಿಯುತ್ತ, "ನಮ್ಮವ್ವ ಆಗ್ಲೇ ಬೀದಿಗೆಲ್ಲ ಏಳವ್ಳೆ ಅತ್ತೆ, ನವಿಲು ಬತ್ತದೆ ಅಂತ" ಎಂದ. ಮದುವೆಯಾದ ಮೊದಲ ಸಂಕ್ರಾಂತಿಗೆ ತವರಿನಿಂದ ಎಳ್ಳುಬೆಲ್ಲದ ತಟ್ಟೆ ಹೋಗಬೇಕು. ನವಿಲಿಲ್ಲದ ತಟ್ಟೆ ಹೋದರೆ, ನಿಮ್ಮವ್ವನ ಬಾಯಿ ಇಷ್ಟೇನಾ ಎಂಬ ಮಾತನ್ನು ಮಗಳು ವರ್ಷವೆಲ್ಲ ಕೇಳಬೇಕು. ಕೇಳಬೇಕಾದದ್ದು ಗೋಡೆಯ ಆಚೆಗೆ ಒಂದೇ ಮಾತು, ಅದನ್ನೇ ಕೇಳಲು ಚನ್ನಬಸಮ್ಮನಿಗೆ ಬಿಗುಮಾನ.

ಎರಡು ಮನೆಯ ಅಂಗಳವನ್ನೂ ಗುಡಿಸಿ ಕೊಟ್ಟಿಗೆ ಬಾಚುವವಳು ದೊಡ್ಡಮಾದಮ್ಮ. ಅವಳನ್ನು ಹಿತ್ತಲಿಗೆ ಕರೆದು ಚನ್ನಬಸಮ್ಮ ಉಪಾಯ ಹೇಳಿದಳು. "ಮಾದಮ್ಮ, ಆ ಮನೇಲಿ ನವಿಲಿನ ಮಣೆ ಅದೆ. ನಿನ್ ಮೊಮ್ಮಗೀಗೆ ಬೇಕು ಅಂತ ಈಸ್ಕೊಂಡ್ ಬಾ."

ದೊಡ್ಡಮಾದಮ್ಮ ಪೊರಕೆ ಊರಿಕೊಂಡು ನಿಂತಳು. "ನಮ್ಮಟ್ಟೀಲಿ ಸಕ್ರೆ ಟೀಗೇ ಸಾಲಕ್ಕಿಲ್ಲ ಅವ್ವಾರೆ. ನಾನು ನವಿಲು ಉಯ್ತೀನಿ ಅಂದ್ರೆ ಯಾರ್ ನಂಬ್ತಾರು? ಎರಡು ಮನೆ ಸಗಣಿ ಒರ್ತೀನಿ, ಮಾತ್ ಮಾತ್ರ ಒರಕ್ಕಿಲ್ಲ. ಗ್ವಾಡೆ ನಿಮ್ದು, ಬಾಯೂ ನಿಮ್ದು. ನೀವೇ ಕೇಳಿ."

ಕೇಳುವುದಕ್ಕಿಂತ ಅರ್ಧ ನವಿಲೇ ವಾಸಿ ಎಂದು ಚನ್ನಬಸಮ್ಮ ಹಟ ಹಿಡಿದಳು. ಒಂದೇ ಮಣೆಗೆ ಹುಯ್ದರೂ ಒಂದು ಮೈ ಬರುತ್ತದೆ. ಬೆನ್ನು ಚಪ್ಪಟೆಯಾದರೇನು, ತಟ್ಟೆಯಲ್ಲಿ ಮಲಗಿಸಿದರೆ ಯಾರಿಗೆ ಕಾಣುತ್ತದೆ? ಹಬ್ಬಕ್ಕೆ ಮುಂಚಿನ ದಿನ ಬೆಳಿಗ್ಗೆ ಅಟ್ಟದ ಹೊಗೆಯಿಂದ ತನ್ನ ಪಾಲಿನ ಮಣೆ ಇಳಿಸಿ ನೀರಿಗೆ ಹಾಕಿದಳು. ಒಣಮಣೆಗೆ ಪಾಕ ಅಂಟಿಕೊಳ್ಳುತ್ತದೆ, ನೆನೆಯಲೇಬೇಕು.

ಮಧ್ಯಾಹ್ನ ಒಲೆ ಹಚ್ಚಿದಳು. ಹಾಲು ಹುಯ್ದು ಕೊಳೆ ತೆಗೆದದ್ದು ಚೆನ್ನಾಗಿಯೇ ಆಯಿತು. ಪಾಕ ಮಾತ್ರ ಅವಳ ಮಾತು ಕೇಳಲಿಲ್ಲ. ಮೊದಲನೆಯದು ಬೇಗ ಇಳಿಸಿದ್ದಕ್ಕೆ ಗಟ್ಟಿಯಾಗದೆ ಗಂಜಿಯ ಹಾಗೆ ಹರಿಯಿತು. ಎರಡನೆಯದು ಪಾತ್ರೆಯಲ್ಲೇ ಮರಳಾಯಿತು. ಉಳಿದದ್ದು ಒಂದು ಪಾತ್ರೆ ಸೋಸಿದ ಸಕ್ಕರೆನೀರು, ಅಷ್ಟೇ. ಅದನ್ನೂ ಒಲೆಗಿಟ್ಟು, ಬಗ್ಗಿ ನೋಡುತ್ತ, ನೊರೆ ಗುಳ್ಳೆಯಾಗಿದೆಯೋ ಗುಳ್ಳೆ ದಪ್ಪವಾಗಿದೆಯೋ ತಿಳಿಯದೆ ಸೌಟು ಹಿಡಿದು ಕೂತಳು. ಹೊಗೆಗೋ ದುಃಖಕ್ಕೋ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಅಕ್ಕ, ಪಾಕ ಏರ್ತಾ ಅದೆ. ಇಳುಸು."

ಮಾತು ಬಂದದ್ದು ಗೋಡೆಯ ಮೇಲಿನಿಂದ. ಚನ್ನಬಸಮ್ಮ ಯೋಚಿಸಲಿಲ್ಲ, ಸೆರಗಿನಲ್ಲೇ ಹಿಡಿದು ಪಾತ್ರೆ ಇಳಿಸಿದಳು. ಮೂರು ವರ್ಷ ಮುಚ್ಚಿಕೊಂಡಿದ್ದ ಬಾಯಿ ಕೆಡುತ್ತಿದ್ದ ಪಾಕದ ವಾಸನೆಗೆ ತೆರೆದುಕೊಂಡಿತ್ತು. ಮಂಗಳಮ್ಮನ ಮೂಗಿಗೆ ಜಗಳ ಮರೆತುಹೋಗಿತ್ತು.

"ಇಳುಸ್ದಾ?"

"ಇಳುಸ್ದೆ."

"ಒಂದ್ ಗುಟುಕು ನೀರ್ ಬುಟ್ಟು ಮುಚ್ಚಿಡು. ಕಲಕ್‌ಬ್ಯಾಡ. ಬಂದೆ."

ಹಿತ್ತಲ ಬಾಗಿಲಿನಿಂದ ಮಂಗಳಮ್ಮ ಒಳಗೆ ಬಂದಳು. ಕೈಯಲ್ಲಿ ಅವಳ ಪಾಲಿನ ಮೂರು ಮಣೆ, ನೀರು ತೊಟ್ಟಿಕ್ಕುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಲು ಪುರುಸೊತ್ತೂ ಇರಲಿಲ್ಲ. ಮಂಗಳಮ್ಮ ಒಲೆಯ ಮುಂದೆ ಕೂತು ಉರಿ ತಗ್ಗಿಸಿದಳು. ಚನ್ನಬಸಮ್ಮ ನವಿಲಿನ ಎರಡು ಮೈ ಕೂಡಿಸಿ ದಾರ ಸುತ್ತಿದಳು.

ಮಣೆಗಳು ಕೂಡಲಿಲ್ಲ. ಬುಡದಲ್ಲಿ ಸರಿಯಾಗಿ ಕೂತರೂ ಕೊಕ್ಕಿನ ಹತ್ತಿರ ಸಂದು ಬಿಡುತ್ತಿತ್ತು. ತಿರುಗಿಸಿ ನೋಡಿದಳು. ತನ್ನ ಮಣೆ ಒಣಗಿ ಬಾಗಿತ್ತು, ಅಂಚಿನಲ್ಲಿ ಸಣ್ಣ ಸೀಳೂ ಬಿಟ್ಟಿತ್ತು. ಮಂಗಳಮ್ಮನ ಮಣೆ ಅತ್ತೆಯ ಕಾಲದಲ್ಲಿ ಇದ್ದ ಹಾಗೆಯೇ ಇತ್ತು. ಕಪ್ಪಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲ.

"ನಿಂದು ಎಂಗೆ ಇಷ್ಟು ಚೆಂದಾಗದೆ?" ಎಂದು ಕೇಳಿದಳು.

ಮಂಗಳಮ್ಮ ಪಾಕದಿಂದ ಕಣ್ಣು ತೆಗೆಯಲಿಲ್ಲ. "ವರ್ಸ ವರ್ಸ ಅಬ್ಬಕ್ಕೆ ನೆನೆಯಾಕ್ತಿದ್ದೆ ಕಣಕ್ಕ."

"ಅರ್ಧ ಮಣೆ ನೆನೆಸಿ ಏನ್ ಮಾಡ್ತಿದ್ದೆ?"

"ಏನೂ ಇಲ್ಲ. ನೆನೆಸಿ, ಒರೆಸಿ, ನೆರಳಲ್ಲಿ ಆರಾಕ್ತಿದ್ದೆ. ನೀನು ಯಾವತ್ತಾರ ಬಂದು ಕೇಳುದ್ರೆ ಮರ ಸೀಳಿರ್ಬಾರ್ದಲ್ವಾ."

ಚನ್ನಬಸಮ್ಮ ತನ್ನ ಮಣೆಯ ಸೀಳನ್ನು ಬೆರಳಲ್ಲಿ ಸವರಿದಳು. ಮಂಗಳಮ್ಮನೂ ತನ್ನಂತೆಯೇ ಹೊಟ್ಟೆಕಿಚ್ಚಿನವಳು ಎಂದು ಮೂರು ವರ್ಷ ನಂಬಿಕೊಂಡಿದ್ದಳಲ್ಲ, ಆ ನಂಬಿಕೆಗೆ ಈಗ ನಾಚಿಕೆಯಾಯಿತು. ತನ್ನ ಪಾಲಿನದನ್ನು ಅಟ್ಟಕ್ಕೆ ಎಸೆದವಳು ತಾನು, ಹೊಗೆಗೆ ಬಿಟ್ಟವಳು ತಾನು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು.

"ಮಾತ್ ಆಮೇಲೆ ಆಡು, ಪಾಕ ಬಂತು" ಎಂದಳು ಮಂಗಳಮ್ಮ. "ಮಣೆ ಗಟ್ಟಿಯಾಗಿ ಅದುಮ್ಕೊ."

ಚನ್ನಬಸಮ್ಮ ಎರಡು ಕೈಯಲ್ಲೂ ಅದುಮಿ ಹಿಡಿದಳು. ಪಾಕ ಹುಯ್ದಾಗ ಸಂದಿನಿಂದ ಸೋರಿ ಬೆರಳ ಮೇಲೆ ಬಿತ್ತು, ಸುಟ್ಟಿತು, ಕೈ ಬಿಡಲಿಲ್ಲ. ಆರಿದ ಮೇಲೆ ಬಿಚ್ಚಿದರೆ ನವಿಲು ಬಂದಿತ್ತು. ಕೊಕ್ಕು ಇತ್ತು, ಗರಿ ಇತ್ತು, ಎದೆಯ ಮೇಲೆ ಸೋರಿದ ಸಕ್ಕರೆಯ ಏಣು ಎದ್ದಿತ್ತು. ಮಂಗಳಮ್ಮ ಚಾಕು ತಂದು ಆ ಏಣನ್ನು ಮೆಲ್ಲಗೆ ಕೆರೆದಳು, ಆದರೂ ಗುರುತು ಉಳಿಯಿತು. ಆ ಒಂದು ಪಾತ್ರೆಯ ಪಾಕದಲ್ಲಿ ಜೀರಹಳ್ಳಿಯ ತಟ್ಟೆಗೆ ಸಾಕಾಗುವಷ್ಟು ನವಿಲುಗಳಾದವು. ಬಸವನಿಗೂ ತುಳಸಿಕಟ್ಟೆಗೂ ಸಕ್ಕರೆ ಉಳಿಯಲಿಲ್ಲ. ಕೊನೆಯದರ ಬಾಲ ಮುರಿದಿತ್ತು, ಅದನ್ನು ಇಬ್ಬರೂ ಹಂಚಿಕೊಂಡು ತಿಂದರು. ಒಂದನ್ನು ಚನ್ನಬಸಮ್ಮ ದೊಡ್ಡಮಾದಮ್ಮನ ಮೊಮ್ಮಗಳಿಗೆಂದು ತೆಗೆದಿಟ್ಟಳು.

ಸಂಜೆ ಮಂಗಳಮ್ಮ ತನ್ನ ಮಣೆಗಳನ್ನು ತೊಳೆದು ಎದ್ದು ನಿಂತಾಗ ಚನ್ನಬಸಮ್ಮ ತನ್ನವನ್ನೂ ಒರೆಸಿ, ಜೋಡಿ ಜೋಡಿಯಾಗಿ ದಾರ ಕಟ್ಟಿ ಅವಳ ಮಡಿಲಿಗೆ ಇಟ್ಟಳು.

"ನಿನ್ ತಾವೇ ಇರ್ಲಿ. ನನ್ ಕೈಲಿ ಇದ್ರೆ ಆಳಾಯ್ತವೆ."

"ಮುಂದಿನ್ ವರ್ಸ ಬೇಕಲ್ಲ ನಿಂಗೆ?"

"ಬೇಕು" ಎಂದಳು ಚನ್ನಬಸಮ್ಮ. ಸುಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಓರಗಿತ್ತಿಯ ಮುಖವನ್ನು ಮೂರು ವರ್ಷದ ಮೇಲೆ ನೇರವಾಗಿ ನೋಡಿದಳು. "ಬಂದು ಕೇಳ್ತೀನಿ ಕಣವ್ವ."