ಮಿಸರಿ ಬಿಟ್ಟ ಮೇಲೆ

ತಾಂಬಾದ ಗುಂಡವ್ವ ಮಿಸರಿ ಬಿಟ್ಟಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವ ಈ ಚಟ ಅವಳು ಮದುವೆಯಾಗಿ ಬಂದ ವರ್ಷವೇ ಅಂಟಿದ್ದು. ಗಲ್ಲದ ಒಳಗೆ ಬಿಳಿ ಕಲೆ ಕಂಡ ಇಂಡಿ ಪಟ್ಟಣದ ಡಾಕ್ಟರು, "ಇನ್ನ ಮುಟ್ಟಬ್ಯಾಡ್ರಿ" ಎಂದಿದ್ದರು. ಸೊಸೆ ಯಶೋಧಾ ಅಂದೇ ಡಬ್ಬಿಯನ್ನು ತಿಪ್ಪೆಗೆ ಎಸೆದು, ಓಣಿಯ ಹೆಂಗಸರಿಗೆಲ್ಲ ಹೇಳಿ ಬಂದಳು: "ನಮ್ಮತ್ತಿ ಮುಂದ ತಿಕ್ಕಬ್ಯಾಡ್ರಿ ಯವ್ವ, ನಿಮ್ಮ ಕಾಲಿಗೆ ಬೀಳ್ತೇನಿ."

ಹೆಂಗಸರು ಒಳ್ಳೆಯವರು, ಮಾತು ನಡೆಸಿಕೊಟ್ಟರು. ದಿನಾ ರೊಟ್ಟಿ ಬಡಿದಾದ ಮೇಲೆ ಗುಂಡವ್ವನ ಕಟ್ಟೆಯ ಮೇಲೆ ಕೂತು ಮಿಸರಿ ತಿಕ್ಕುತ್ತಿದ್ದವರು ಸುಲ್ತಾನಬಿಯ ಕಟ್ಟೆಗೆ ಹೋದರು. ಚಟ ಬಿಡಿಸುವವರಿಗೆ ಡಬ್ಬಿ ಕಾಣುತ್ತದೆ; ಅದರ ಸುತ್ತ ಕೂತ ಮಂದಿ ಕಾಣುವುದಿಲ್ಲ.

ತಲೆನೋವು, ಕೈನಡುಕ, ಸಿಟ್ಟು ಬಂದು ಹೋದವು. ಆಮೇಲೆ ಏನೂ ಬರಲಿಲ್ಲ. ಉಂಡರೆ ಉಂಡಂತಿರಲಿಲ್ಲ. ಮೊಮ್ಮಗಳು ನಕ್ಕರೆ, ತಾನೂ ನಗಬೇಕೆಂದು ನೆನಪು ಮಾಡಿಕೊಂಡು ನಗುತ್ತಿದ್ದಳು. ಹೊರಗೆ ಹೊರಟರೆ ಯಶೋಧಾಳ ಕಣ್ಣು ಅವಳ ಸೆರಗಿನ ಗಂಟಿನ ಮೇಲೆ, ಮಿಸರಿ ಅಡಗಿಸಿದ್ದಾಳೇನೋ ಎಂದು. ಚಟ ಬಿಟ್ಟಳೆಂದು ಬಂದವರು ಹೊಗಳಿದರೆ ಅದು ಬೇರೆ ಯಾರದೋ ಸುದ್ದಿಯಂತೆ ಕೇಳುತ್ತಿತ್ತು.

ಒಂದು ಮುಂಜಾನೆ ಅವಳಿಗೆ ತಿಳಿಯಿತು: ಹೀಗೇ ಒಬ್ಬಳೇ ಕೂತರೆ, ನಾಲ್ಕು ಮಾತಿನ ಆಸೆಗಾದರೂ ತಾನು ಮತ್ತೆ ತಿಕ್ಕುತ್ತಾಳೆ. ಎದ್ದು ಸುಲ್ತಾನಬಿಯ ಕಟ್ಟೆಗೆ ನಡೆದಳು.

ಅವಳನ್ನು ಕಂಡದ್ದೇ ಡಬ್ಬಿಗಳು ಸೆರಗಿನೊಳಗೆ ಹೋದವು. ಸಿದ್ದವ್ವ ಗಡಬಡಿಸಿ ಬಾಯಲ್ಲಿದ್ದದ್ದನ್ನು ನುಂಗಿ ಕೆಮ್ಮತೊಡಗಿದಳು.

"ಉಗುಳಬೇ, ಸತ್ತೀ ಗಿತ್ತೀ" ಎಂದಳು ಗುಂಡವ್ವ.

"ನಿನ್ನ ಸೊಸಿ ನಮಗ ಬೈತಾಳ. ಮನಿಗೆ ನಡಿ ಅಕ್ಕಾ" ಎಂದಳು ಸುಲ್ತಾನಬಿ.

"ಮನ್ಯಾಗ ನಾಕು ಗ್ವಾಡಿ ಅದಾವು. ಅವೂ ಮಿಸರಿ ಬಿಟ್ಟಾವೇನೋ, ಮಾತಾಡಂಗಿಲ್ಲ."

ಕೆಮ್ಮುತ್ತಲೇ ಸಿದ್ದವ್ವ ನಕ್ಕಳು.

"ತಿಕ್ಕೋರು ತಿಕ್ಕೊಳ್ರಿ. ನಾ ಬೇಡಿದ್ರೂ ಕೊಡಬ್ಯಾಡ್ರಿ. ಮಾತಷ್ಟ ಆಡ್ರಿ" ಎಂದಳು ಗುಂಡವ್ವ.

ಸುಲ್ತಾನಬಿ ಸರಿದು ಜಾಗ ಕೊಟ್ಟಳು. ಡಬ್ಬಿ ತೆರೆದ ವಾಸನೆಗೆ ಗುಂಡವ್ವನ ಬಾಯಲ್ಲಿ ನೀರೂರಿತು. ತೋರುಬೆರಳು ತಾನಾಗಿಯೇ ಎದ್ದಿತು. ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಳು.

ಸಿದ್ದವ್ವ ತನ್ನ ಬೀಗತಿ ಹೋಳಿಗೆಯ ಹೂರಣಕ್ಕೆ ಉಪ್ಪು ಸುರಿದ ಕಥೆ ಶುರು ಮಾಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಂಡವ್ವನಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಯಶೋಧಾ ಹುಡುಕುತ್ತ ಬಂದಳು. "ಅತ್ತಿ, ಏಳ್ರಿ."

"ನಾ ಇಲ್ಲೇ ಕೂಡ್ತೇನವ್ವ. ನಂಬಿಗಿ ಇಲ್ಲಂದ್ರ ನೀನೂ ಬಾ."

ಯಶೋಧಾ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಬಂದು ಕೂತಳು. ಗುಂಡವ್ವನಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಆದರೂ ಸಿದ್ದವ್ವನ ಕಡೆ ತಿರುಗಿ, "ಮುಂದ?" ಎಂದಳು.