ನೀಲಿ ಪಟ್ಟಿಯ ಬಾವಿ

"ಥೂ! ಇದೇನೇ, ಸಕ್ಕರೆ ಬದಲು ಉಪ್ಪು ಹಾಕಿದ್ದೀಯಾ?"

ಅತ್ತೆ ಬಾಯಲ್ಲಿದ್ದ ಟೀಯನ್ನು ಅಂಗಳದ ಮೂಲೆಗೆ ಉಗಿದಳು. ತಮ್ಮ ಸತ್ತ ಸುದ್ದಿ ಕೇಳಿ ದೂರದ ಪಟ್ಟಣದಿಂದ ಆಗಷ್ಟೇ ಬಂದಿಳಿದಿದ್ದಳು.

ಸತ್ತವನ ಮಗಳು ಒಂದು ಗುಟುಕು ಕುಡಿದು ನೋಡಿದಳು. ಚೆನ್ನಾಗಿಯೇ ಇತ್ತು. ಊರವರ ಲೋಟಗಳೆಲ್ಲ ಆಗಲೇ ಖಾಲಿಯಾಗಿದ್ದವು.

"ಏನೂ ಆಗಿಲ್ವಲ್ಲ ಅತ್ತೆ?"

"ನಿಮಗೆಲ್ಲ ಏನಾಗಿದೆ? ಸಮುದ್ರದ ನೀರು ಕಣೇ ಇದು!"

ಮಗಳು ಲೋಟ ಕೆಳಗಿಟ್ಟಳು. ಅಂಗಳದಲ್ಲಿ ಮಲಗಿಸಿದ್ದ ಅಪ್ಪನ ಕಡೆ ನೋಡಿದಳು.

*

ಅಪ್ಪ ಬಾವಿ ಪರೀಕ್ಷಕ. ಊರಿಗೂ ಸಮುದ್ರಕ್ಕೂ ನಡುವೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಕಾಡಿದ್ದ ಕಾಲದಿಂದ, ಅದನ್ನು ಕಡಿದು ಉಪ್ಪು ತಯಾರಿಸುವ ಬಯಲು ಮನೆಗಳ ಬೆನ್ನಿಗೇ ಬಂದ ಮೇಲೂ, ತಿಂಗಳಿಗೊಮ್ಮೆ ಬಾವಿಯಿಂದ ಬಾವಿಗೆ ಸುತ್ತಿದವನು. ಮೊದಲು ಜೊತೆಗೆ ಒಯ್ದ ಮನೆಯ ಬಾವಿಯ ನೀರಿನಿಂದ ಬಾಯಿ ಮುಕ್ಕಳಿಸುವುದು, ಆಮೇಲೆ ಪರೀಕ್ಷಿಸಬೇಕಾದ ಬಾವಿಯದನ್ನು ರುಚಿ ನೋಡುವುದು. ಸಿಹಿಯಾದರೆ ಕಟ್ಟೆಗೆ ನೀಲಿ ಪಟ್ಟಿ, ಉಪ್ಪಾದರೆ ಕೆಂಪು. ಇಲಾಖೆ ಕೊಟ್ಟ, ಉಪ್ಪು ಅಳೆಯುವ ಮೀಟರು ಮನೆಯ ಬಾವಿಯಲ್ಲೇ ಕೆಂಪು ದೀಪ ತೋರಿಸಿದಾಗ ಬಿದ್ದು ಬಿದ್ದು ನಕ್ಕಿದ್ದ.

"ಇದಕ್ಕೆ ತಲೆ ಕೆಟ್ಟಿದೆ ಮಗಾ. ನಮ್ಮ ಬಾವಿಗೇ ಉಪ್ಪು ಅನ್ನುತ್ತೆ!"

ಮಗಳೂ ನಕ್ಕಿದ್ದಳು.

*

ಈಗ ಮಗಳು ಪೆಟ್ಟಿಗೆಯಿಂದ ಆ ಮೀಟರು ತೆಗೆದು ಹೊಸ ಸೆಲ್ಲು ಹಾಕಿದಳು. ಅತ್ತೆ ಪಟ್ಟಣದಿಂದ ತಂದಿದ್ದ ಬಾಟಲಿಯ ನೀರಿಗೆ ಹಸಿರು ದೀಪ. ಮನೆಯ ಕೊಡದ ನೀರಿಗೆ ಕೆಂಪು. ವರ್ಷದಿಂದ ವರ್ಷಕ್ಕೆ ಇಷ್ಟಿಷ್ಟೇ ಏರಿದ ಉಪ್ಪಿಗೆ ಊರವರ ನಾಲಿಗೆ ಒಗ್ಗಿಹೋಗಿತ್ತು. ಅಪ್ಪ ಪ್ರತಿ ಸಲವೂ ಉಪ್ಪುನೀರಿನಿಂದಲೇ ಬಾಯಿ ತೊಳೆದುಕೊಂಡು ಉಳಿದ ಬಾವಿಗಳನ್ನು ಸಿಹಿ ಎಂದಿದ್ದ. ಅವನ ಮೇಲೆ ಸಿಟ್ಟು ಬಂತು, ಜೊತೆಗೇ ಅಳುವೂ ಬಂತು.

ಪಕ್ಕದ ಮನೆಯ ಏಳು ತಿಂಗಳ ಬಸುರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಡಾಕ್ಟರು ಉಪ್ಪು ಬಿಡು ಅಂದ್ರು ಅಕ್ಕಾ. ಬರೀ ಸಪ್ಪೆ ಊಟಾನೇ ಮಾಡ್ತಿದೀನಿ. ಆದ್ರೂ ಬಿಪಿ ಇಳೀತಿಲ್ಲ, ಕಾಲು ನೋಡು ಹೆಂಗೆ ಬಾತುಕೊಂಡಿದೆ. ನಮ್ಮ ಬಾವಿ ಸಿಹೀನೇ ಅಲ್ವಾ?"

ಅಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇವತ್ತೊಂದಿನ ಸುಮ್ಮನಿರು ತಾಯಿ. ಹೆಣ ಎತ್ತೋಕೆ ಮುಂಚೆ ಅವರ ಮರ್ಯಾದೆ ತೆಗೀಬೇಡ."

"ಇವತ್ತೂ ಇವಳು ನೀರು ಕುಡೀತಾಳಲ್ಲಮ್ಮ."

ಅಪ್ಪನ ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಹೆಣಕ್ಕೆ ಹೆಗಲು ಕೊಡಲು ಬಗ್ಗಿದ್ದವರು ಹಾಗೆಯೇ ನಿಂತರು. ಮನೆಯ ಬಾವಿಕಟ್ಟೆಯಲ್ಲಿ ಅಪ್ಪ ಹೋದ ತಿಂಗಳಷ್ಟೇ ಬಳಿದಿದ್ದ ನೀಲಿ ಪಟ್ಟಿಯ ಮೇಲೆ ಅವಳು ಕೆಂಪು ಎಳೆಯತೊಡಗಿದಳು. ಗೆರೆ ಸೊಟ್ಟಗಾಯಿತು.

ಕಟ್ಟೆಯ ಸುತ್ತ ಪಟ್ಟಿ ಎಳೆದು ಮುಗಿದಾಗ ಬಸುರಿ ಹತ್ತಿರ ಬಂದು ಡಬ್ಬಿಯನ್ನು ಎತ್ತಿಕೊಂಡಳು. ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ತನ್ನ ಮನೆಯ ಬಾವಿಯ ಕಡೆ ನಡೆದಳು.