ಬೇವಿನ ಮರದ ಹಳಿ

ಎಣ್ಣೆಗೇಟು ಎಂಬ ಊರು ಈಗ ತಮಿಳು ನಗರವೊಂದರ ಐವತ್ತೆಂಟನೆಯ ವಾರ್ಡು. ಮೊದಲು ರೈಲು ಬಂತು, ರೈಲಿನ ಹಿಂದೆ ಪೆಟ್ರೋಲ್ ಎಣ್ಣೆ ಬಂತು, ಎಣ್ಣೆಯ ಹಿಂದೆ ಕಾರಿಮಂಗಲಂ ಕಡೆಯ ಕನ್ನಡದ ಕೂಲಿಗಳು ಬಂದರು. ರೈಲೂ ಎಣ್ಣೆಯೂ ಹೇಳದೆ ಕೇಳದೆ ಹೋದವು. ನಗರ ಮಾತ್ರ ತಮಟೆ ಬಾರಿಸಿಕೊಂಡು ಬಂದು ಊರನ್ನು ನುಂಗಿತು. ನುಂಗಿದ್ದಕ್ಕೆ ಗುರುತಾಗಿ ಕಮಾನು ಕಟ್ಟಿಸಿತು, ನಲ್ಲಿ ಹಾಕಿಸುವುದನ್ನು ಮರೆಯಿತು.

ಉಳಿದದ್ದು ಬೇವಿನ ಮರಕ್ಕೆ ತೂಗುಹಾಕಿದ ಮೊಳದುದ್ದದ ರೈಲು ಹಳಿಯ ತುಂಡು. ರೈಲಿನಿಂದ ನೆಲದಡಿಯ ಪೈಪಿಗೆ ಎಣ್ಣೆ ಇಳಿಸುವ ಮುನ್ನ ಡಿಪೋದ ಚಿಕ್ಕಮುನಿಯಪ್ಪ ಅದಕ್ಕೆ ಮೂರು ಪೆಟ್ಟು ಕೊಟ್ಟರೆ ಊರಿನ ಒಲೆಗಳೆಲ್ಲ ಆರುತ್ತಿದ್ದವು, ಮದುವೆ ಮನೆಯದೂ. ಅರೆಬೆಂದ ಅನ್ನ ಉಣ್ಣದೆ ಮದುವೆಯಾದ ಗಂಡಸು ಅಲ್ಲಿರಲಿಲ್ಲ. ಈಗ ಅದೇ ಹಳಿಯನ್ನು ನಾಲ್ಕು ದಿನಕ್ಕೊಮ್ಮೆ ನೀರಿನ ಲಾರಿಯವನು ನೀರು ಬಂತೆಂದು ಬಡಿಯುತ್ತಾನೆ. ಚಿಕ್ಕಮುನಿಯಪ್ಪನ ವಿಧವೆ ಸಿದ್ದಲಕ್ಷ್ಮಮ್ಮ ಅದು ಬೆಂಕಿ ಆರಿಸುವ ಗಂಟೆಯೆಂದು ಅವನೊಂದಿಗೆ ಜಗಳವಾಡಿ ಸೋತಿದ್ದಳು.

ಆ ಬೆಳಿಗ್ಗೆ ಮರದ ಪಕ್ಕದಲ್ಲೇ ಚರಂಡಿಗಾಗಿ ಜೆಸಿಬಿ ಅಗೆಯುತ್ತಿತ್ತು. ಹೊಂಡದ ತಳದ ನೀರಿನ ಮೇಲೆ ನವಿಲುಗರಿಯ ಬಣ್ಣ ಹರಡಿತ್ತು. ಸಿದ್ದಲಕ್ಷ್ಮಮ್ಮನ ಮೂಗು ಅರಳಿತು.

"ನಿಲ್ಸು ಲಾ ಸತೀಸಾ! ಪೆಟ್ರೋಲ್ ವಾಸ್ನೆ ಬಡೀತಿಲ್ವಾ? ಪೈಪ್ನಾಗೆ ಇನ್ನೂ ಐತೆ!"

ಮೇಸ್ತ್ರಿ ಸತೀಶ್‌ಕುಮಾರ್ ಹಾಳೆ ಬಿಡಿಸಿ ಅಜ್ಜಿಗೆ ತೋರಿಸಿದ. "ಪ್ಲಾನ್ನಾಗೆ ಪೈಪೇ ಇಲ್ಲ, ಪಾಟಿ. ಸುಮ್ನೆ ಓಗು. ಇಪ್ಪತ್ತೊರ್ಸ ಎಣ್ಣೆ ಅಂಗೇ ಕೂತಿರ್ತದಾ?"

"ನಾ ಕೂತಿಲ್ವಾ? ನಿನ್ ಪ್ಲಾನ್ನಾಗೆ ನಾನೂ ಇಲ್ಲ."

ಜೆಸಿಬಿಯ ಹಲ್ಲು ಇಳಿಯಿತು. ಏನೋ ಸೀಳಿ ಬುಸ್ ಎಂದಿತು. ಈ ಸಲ ಸತೀಶ್‌ಕುಮಾರನಿಗೂ ವಾಸನೆ ಹತ್ತಿತು. ಡ್ರೈವರು ಎಂಜಿನ್ ಆರಿಸಿ ಹಾರಿ ಓಡಿದ; ಮೇಸ್ತ್ರಿ ಅವನಿಗಿಂತ ಮುಂದಿದ್ದ.

ಇಪ್ಪತ್ತು ಮಾರು ಆಚೆ ಮಗಳು ಮೇನಕಾಳ ಬೋಂಡಾ ಒಲೆ ಧಗಧಗ ಉರಿಯುತ್ತಿತ್ತು. ಕೂಗಿದರೆ ಬಸ್ಸಿನ ಸದ್ದಿನಲ್ಲಿ ಕೇಳದು. ಓಡಲು ಮಂಡಿಯಿಲ್ಲ. ಸಿದ್ದಲಕ್ಷ್ಮಮ್ಮ ಕಲ್ಲೊಂದನ್ನೆತ್ತಿ ಹಳಿಗೆ ಬಾರಿಸಿದಳು. ಮೂರು ಪೆಟ್ಟು, ಗಂಡ ಹೊಡೆಯುತ್ತಿದ್ದಂತೆ ಬಿಡಿಬಿಡಿಯಾಗಿ.

ಮೇನಕಾ ತಲೆಯೆತ್ತಿದಳು. ಅಪ್ಪನ ಮಗಳು, ಏನೂ ಕೇಳದೆ ಒಲೆಗೆ ಬಿಂದಿಗೆ ನೀರು ಸುರಿದಳು. ಹಬೆ ಎದ್ದಿತು. ತಾಯಿಗೆ ಉಸಿರು ಬಂತು.

ಅಷ್ಟರಲ್ಲಿ ಹಳಿಯ ಸದ್ದಿಗೆ ಹೊಸ ಬಡಾವಣೆಯ ಬಾಗಿಲುಗಳು ಒಂದೊಂದಾಗಿ ತೆರೆದವು.

"ತಣ್ಣಿ ವಂದಿರುಚ್ಚು!" ನೀರು ಬಂತೆಂದು ಯಾರೋ ಕೂಗಿದರು.

ಹಸಿರು ಕೊಡ, ಕೆಂಪು ಕೊಡ, ಇಡೀ ಬೀದಿಯೇ ನೀರಿಗೆಂದು ಮರದತ್ತ ಓಡಿಬರುತ್ತಿತ್ತು. ಎಲ್ಲರಿಗಿಂತ ಮುಂದೆ ಸ್ಕೂಟರಿನಲ್ಲಿ ಮೂರನೆ ಬೀದಿಯ ಪ್ರಭಾಕರ್: ಕಾಲ ನಡುವೆ ಎರಡು ಕೊಡ, ತುಟಿಯಲ್ಲಿ ಹೊತ್ತಿದ ಸಿಗರೇಟು.

"ಬರಬ್ಯಾಡ್ರೋ! ಇತ್ಲಾಗ್ ಬರಬ್ಯಾಡ್ರೋ!" ಸಿದ್ದಲಕ್ಷ್ಮಮ್ಮ ಎರಡೂ ಕೈ ಬೀಸಿದಳು.

"ಆಸೆ ನೋಡು ಪಾಟಿಗೆ, ಎಲ್ಲಾ ನೀರೂ ಅವಳ್ಗೇ ಬೇಕಂತೆ," ಎಂದು ನಕ್ಕ ಪ್ರಭಾಕರ್ ವೇಗ ಹೆಚ್ಚಿಸಿದ.